ಆರುನೂರೈವತ್ತೋ ಎಂಟುನೂರೈವತ್ತೋ

ಜೋಡಿಯಣ್ಣನ ನಿಜವಾದ ಹೆಸರನ್ನು ಅವನ ಹೆಂಡತಿಯೂ ಒಂದು ಗಳಿಗೆ ಯೋಚಿಸಿ ಹೇಳಬೇಕಾದ ಸ್ಥಿತಿ ಬಂದು ಎಷ್ಟೋ ವರ್ಷವಾಗಿತ್ತು. ಯಾವುದನ್ನೂ ಒಂದೇ ಇಟ್ಟುಕೊಂಡು ಗೊತ್ತಿಲ್ಲದ ಮನುಷ್ಯ. ಜೇಬಿನಲ್ಲಿ ಎರಡು ಪೆನ್ನು, ಬಾಗಿಲಿಗೆ ಎರಡು ಬೀಗ, ಸೊಂಟಕ್ಕೆ ಬೆಲ್ಟು, ಬೆಲ್ಟಿನ ಮೇಲೂ ನಂಬಿಕೆಯಿಲ್ಲದೆ ಒಳಗೊಂದು ಲಾಡಿ. ಬೀಗ ಹಾಕಿ ಎಳೆದು ನೋಡುವುದು, ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಎಳೆಯುವುದು. ಹೀಗೆ ಎಳೆಸಿಕೊಂಡು ಎಳೆಸಿಕೊಂಡು ಅವನ ಅಂಗಡಿಯ ಬೀಗ ವರ್ಷಕ್ಕೆ ಅರ್ಧ ಇಂಚು ಉದ್ದವಾಗುತ್ತಿದೆ ಎಂದು ಪಕ್ಕದ ಅಂಗಡಿಯ ಟೈಲರ್ ಟೇಪು ಹಿಡಿದೇ ಸಾಕ್ಷಿ ಹೇಳುತ್ತಿದ್ದ.

ಅಂಗಡಿಯೆಂದರೆ ಒಂದು ಕೋಣೆ. ಇಬ್ಬರು ನಿಂತರೆ ಮೂರನೆಯವನು ಉಸಿರು ಬಿಡಲು ಹೊರಗೆ ಹೋಗಬೇಕು. ಅಲ್ಲಿ ಅವನು ಕೇಳಿದವರಿಗೆ ಕೇಳಿದ ಹಾಗೆ ಕಂಪ್ಯೂಟರ್ ಜೋಡಿಸಿಕೊಡುತ್ತಿದ್ದ. ಬಿಡಿ ಭಾಗಗಳೆಲ್ಲ ಗಿರಾಕಿಯ ಇಷ್ಟ; ಅವಕ್ಕೆಲ್ಲ ಕರೆಂಟು ಹಂಚುವ ಪವರ್ ಸಪ್ಲೈ ಮಾತ್ರ ತನ್ನ ಜವಾಬ್ದಾರಿ ಎಂದು ಅವನ ನಿಯಮ. ಅದೇ ಅವನ ಹೊಟ್ಟೆ ಉರಿಸುವ ಸಾಮಾನೂ ಹೌದು. ಎಷ್ಟು ವಾಟಿನದು ಹಾಕಬೇಕು ಎನ್ನುವುದು ಎಷ್ಟು ಜನ ಊಟಕ್ಕೆ ಬರುತ್ತಾರೆಂದು ಎಣಿಸಿ ಪಾತ್ರೆ ಇಡುವಂಥ ಕೆಲಸ. ಚಿಕ್ಕದಿಟ್ಟರೆ ಊಟ ಅರ್ಧಕ್ಕೆ ನಿಲ್ಲುತ್ತದೆ, ತೀರಾ ದೊಡ್ಡದಾದರೆ ಒಲೆಯ ಮೇಲೇ ಕೂರುವುದಿಲ್ಲ. ಹಿಂದೊಮ್ಮೆ ಒಂದು ಫೋಟೋ ಸ್ಟುಡಿಯೋಗೆ ಚಿಕ್ಕದು ಹಾಕಿದ್ದಕ್ಕೆ ಮೆಷೀನು ಕೆಲಸದ ನಡುವೆಯೇ ದಿನಕ್ಕೆ ಮೂರು ಸಲ ಮೂರ್ಛೆ ಹೋಗಿತ್ತು. ಆ ಸ್ಟುಡಿಯೋದವನು ಇವತ್ತಿಗೂ ಬೀದಿಯಲ್ಲಿ ಜೋಡಿಯಣ್ಣ ಎದುರಾದರೆ ಕರೆಂಟು ಹೋದವನ ಹಾಗೆ ಕಣ್ಣು ಮುಚ್ಚಿ ಗೋಡೆ ತಡಕಾಡುತ್ತಾನೆ.

ಇಂಥವನಿಗೆ ಅತ್ತಿಗೆಯ ಕಂಪ್ಯೂಟರ್ ಗಂಟುಬಿತ್ತು.

ಅತ್ತಿಗೆ, ಅಂದರೆ ಅವನ ಅಣ್ಣನ ಹೆಂಡತಿ, ಕಟ್ಟಡಗಳ ಚಿತ್ರ ಬಿಡಿಸುವವಳು. ಇನ್ನೂ ಅಡಿಪಾಯವೇ ಬೀಳದ ಕಟ್ಟಡದೊಳಗೆ ಕಂಪ್ಯೂಟರಿನಲ್ಲೇ ಜನರನ್ನು ನಡೆಸಿಕೊಂಡು ಹೋಗಿ, ಕಿಟಕಿಯ ಬಿಸಿಲು ಯಾವ ಕುರ್ಚಿಗೆ ಬೀಳುತ್ತದೆ ಎಂದು ತೋರಿಸುವಷ್ಟು ಜೋರು. ನಾಳೆ ಬೆಳಿಗ್ಗೆ ಹತ್ತಕ್ಕೆ ಒಂದು ಗ್ರಂಥಾಲಯದ ಕಟ್ಟಡವನ್ನು ಸಮಿತಿಗೆ ತೋರಿಸಬೇಕು. ಹಳೆಯ ಮೆಷೀನು ಹೋದ ವಾರ ಕಣ್ಣು ಮುಚ್ಚಿತ್ತು. ಹೋಗುವಾಗ ನಕಲು ಇಟ್ಟಿದ್ದ ಡಿಸ್ಕನ್ನೂ ಜೊತೆಗೇ ಕರೆದುಕೊಂಡು ಹೋಗಿತ್ತು. ಉಳಿದದ್ದು ಒಂದೇ ಡಿಸ್ಕು, ಅದರಲ್ಲಿ ಅವಳ ಹನ್ನೊಂದು ವರ್ಷದ ಕೆಲಸ.

"ಮೊದಲು ನನ್ನ ಮೆಷೀನಲ್ಲಿ ಒಂದು ನಕಲು ತೆಗೆದಿಡ್ತೀನಿ ಅತ್ತಿಗೆ," ಎಂದು ಅವನು ಅಂಗಲಾಚಿದ್ದ.

"ಆಗಲ್ಲಪ್ಪ. ಯಾರ ಮನೇಲಿ ತಿಜೋರಿ ಯಾವ ಗೋಡೆ ಒಳಗಿದೆ ಅನ್ನೋದೂ ಅದರಲ್ಲಿದೆ. ಯಾರ ಕೈಗೂ ಕೊಡಲ್ಲ ಅಂತ ಜನಕ್ಕೆ ಬರೆದುಕೊಟ್ಟಿದೀನಿ. ನನ್ನ ಹೊಸದು ಎದ್ದು ಕೂತ ಮೇಲೆ ಅದರಲ್ಲೇ ನಕಲು."

ಒಂದೇ ಡಿಸ್ಕು. ಆ 'ಒಂದೇ' ಎಂಬ ಮಾತು ಕೇಳಿದ ದಿನದಿಂದ ಜೋಡಿಯಣ್ಣ ಅಂಗಡಿಯ ಬೀಗವನ್ನು ನಾಲ್ಕು ನಾಲ್ಕು ಸಲ ಎಳೆದು ನೋಡತೊಡಗಿದ.

ಲೆಕ್ಕವನ್ನಂತೂ ಹಾಕಿದ್ದ. ಅವಳು ಆರಿಸಿದ ಗ್ರಾಫಿಕ್ಸ್ ಕಾರ್ಡು ಗಾತ್ರದಲ್ಲಿ ಇಟ್ಟಿಗೆ, ಹಸಿವಿನಲ್ಲಿ ರಾಕ್ಷಸ. ಒಂದಕ್ಕೇ ಮುನ್ನೂರಿಪ್ಪತ್ತು ವಾಟು. ಪ್ರೊಸೆಸರ್ ಜೋರಾಗಿ ದುಡಿದಾಗ ನೂರೆಂಬತ್ತು. ಬೋರ್ಡು, ಫ್ಯಾನು, ಡಿಸ್ಕು, ಚಿಲ್ಲರೆ ಎಲ್ಲ ಸೇರಿ ಎಂಬತ್ತು. ಒಟ್ಟು ಐನೂರೆಂಬತ್ತು. ಆರುನೂರೈವತ್ತರದು ಹಾಕಿದರೆ ಎಪ್ಪತ್ತು ಮಿಗುತ್ತದೆ. ಹಿಂದಿನ ದಿನವೇ ಅದನ್ನು ಕೂರಿಸಿ, ಒಂದೊಂದು ವೈರನ್ನೂ ಕ್ಯಾಬಿನೆಟ್ಟಿನ ಬೆನ್ನ ಹಿಂದಿನಿಂದ ಎಳೆದು, ಜಡೆ ಹೆಣೆದ ಹಾಗೆ ಮಡಿಸಿ, ಪ್ಲಾಸ್ಟಿಕ್ ಟೈ ಬಿಗಿದಿದ್ದ. ಇರುವೆಯೊಂದು ಒಳಗೆ ಹೊಕ್ಕರೆ ದಾರಿ ತಪ್ಪದೆ ಹೊರಗೆ ಬರಬೇಕು, ಅಷ್ಟು ಅಚ್ಚುಕಟ್ಟು.

ಆದರೆ ಈ ದಿನ ಬೆಳಿಗ್ಗೆ ಅಂಗಡಿ ತೆರೆದವನೇ ಆ ಕ್ಯಾಬಿನೆಟ್ಟಿನ ಮುಂದೆ ಕೂತು ಉಗುರು ಕಡಿಯತೊಡಗಿದ. ಈ ಕಾರ್ಡುಗಳ ಗುಣ ಅವನಿಗೆ ಗೊತ್ತು. ಡಬ್ಬಿಯ ಮೇಲೆ ಮುನ್ನೂರಿಪ್ಪತ್ತು ಎಂದು ಸಾಧುವಿನಂತೆ ಬರೆದುಕೊಂಡಿರುತ್ತವೆ. ಕೆಲಸ ಶುರುವಾದಾಗ ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಅದರ ಒಂದೂವರೆ ಪಾಲು ಗುಳುಂ ಅನ್ನಿಸುತ್ತವೆ. ಆ ಒಂದು ಗುಕ್ಕು ನಾಳೆ ಹತ್ತು ಗಂಟೆಗೆ, ಸಮಿತಿಯ ಎದುರಿಗೇ ಬಂದರೆ? ಪವರ್ ಸಪ್ಲೈ ತಡೆಯದೆ ಕೈ ಎತ್ತಿದರೆ? ಡಿಸ್ಕು ಬರೆಯುತ್ತಿರುವಾಗಲೇ ಕರೆಂಟು ಕಡಿದರೆ?

ಹೆಂಡತಿಗೆ ಫೋನು ಮಾಡಿದ.

"ಆರುನೂರೈವತ್ತು ಸಾಕಾಗುತ್ತಾ?"

"ಏನದು, ಗ್ರಾಂ ಲೆಕ್ಕಾನಾ?"

"ವಾಟು ಕಣೆ. ಅತ್ತಿಗೆ ಮೆಷೀನಿಗೆ."

"ರೀ, ನನ್ನನ್ನು ಕೇಳೋ ಹೊತ್ತಿಗೆ ನೀವು ಆಗಲೇ ದೊಡ್ಡದು ಹಾಕೋದು ಅಂತ ತೀರ್ಮಾನ ಮಾಡಿರ್ತೀರ. ಹಾಕಿ ಅತ್ಲಾಗೆ. ನಿಮ್ಮ ಜೀವ ನೆಮ್ಮದಿಯಾಗಿದ್ದರೆ ನನ್ನದೂ ಇರುತ್ತೆ."

ಸಾವಿರ ವಾಟಿನದು ಒಂದಿತ್ತು. ಹಿಡಿದು ನೋಡಿದ; ಎರಡು ಬೆರಳು ಉದ್ದ ಹೆಚ್ಚು. ಮೇಜಿನ ಕೆಳಗೆ ಕೂರಲಿ ಎಂದು ಅತ್ತಿಗೆ ಚಿಕ್ಕ ಕ್ಯಾಬಿನೆಟ್ಟೇ ಬೇಕೆಂದಿದ್ದಳು. ಉಳಿದದ್ದು ಎಂಟುನೂರೈವತ್ತು, ಬೇರೆ ಕಂಪನಿಯದು. ಅದು ಹಲ್ಲಿಗೆ ನಾಲಿಗೆ ತಾಗಿದಷ್ಟು ಸಂದಿಯಲ್ಲಿ ಸರಿಯಾಗಿ ಕೂತಿತು. ಈ ಜಾತಿಯವಕ್ಕೆ ವೈರುಗಳು ಮೈಗೆ ಅಂಟಿಕೊಂಡಿರುವುದಿಲ್ಲ. ಬೇಕಾದ್ದನ್ನು ಹಿಂದಿನ ತೂತಿಗೆ ಸಿಕ್ಕಿಸಿಕೊಳ್ಳುವುದು. ಆರುನೂರೈವತ್ತರದನ್ನು ಕಳಚಿ, ಹೊಸದನ್ನು ಒಳಗೆ ತಳ್ಳಿ, ಆಗಲೇ ಹೆಣೆದಿಟ್ಟ ವೈರುಗಳ ತುದಿಗಳನ್ನು ಒಂದೊಂದಾಗಿ ಸಿಕ್ಕಿಸಿದ. ಟಕ್, ಟಕ್ ಎಂದು ಎಲ್ಲವೂ ಒಪ್ಪಿ ಕೂತವು. ಒಂದು ಟೈ ಕೂಡ ಕತ್ತರಿಸಬೇಕಾಗಲಿಲ್ಲ.

ಎದೆಯ ಮೇಲಿದ್ದ ಆನೆ ಇಳಿದು, ಎಮ್ಮೆ ಮಾತ್ರ ಉಳಿಯಿತು.

ಮಧ್ಯಾಹ್ನ ಅತ್ತಿಗೆ ಬಂದಳು. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಟವೆಲನ್ನು ಚೀಲದಲ್ಲಿಟ್ಟು, ಚೀಲವನ್ನು ಹಸುಗೂಸಿನಂತೆ ಅಪ್ಪಿಕೊಂಡು.

"ಏನಪ್ಪ ಮೈದುನ, ಎದ್ದಿದೆಯಾ ನನ್ನ ಮೆಷೀನು?"

"ಇನ್ನೊಂದು ಹತ್ತು ನಿಮಿಷ ಅತ್ತಿಗೆ. ಡಿಸ್ಕು ಕೊಟ್ಟರೆ ಅದನ್ನೂ ಕೂರಿಸಿ ಒಂದೇ ಸಲ ಹಾಕಿಬಿಡೋಣ. ಪವರ್ ಸಪ್ಲೈ ಆರುನೂರೈವತ್ತರದು ತೆಗೆದು ದೊಡ್ಡದು ಮಾಡಿದೀನಿ, ಎಂಟುನೂರೈವತ್ತು."

"ನೀನು ನಿನ್ನ ನಿಶ್ಚಿತಾರ್ಥಕ್ಕೂ ಎರಡು ಉಂಗುರ ತಂದೋನು. ಎಂಟುನೂರೈವತ್ತಕ್ಕೇ ನಿಂತಿದೀಯಲ್ಲ, ಅದೇ ಆಶ್ಚರ್ಯ."

ಅವಳು ಡಿಸ್ಕು ಕೊಟ್ಟಳು. ಕೊಟ್ಟ ಮೇಲೂ ಎರಡು ಕ್ಷಣ ಬೆರಳು ಬಿಡಲಿಲ್ಲ. ಅವನು ಅದನ್ನು ಗೂಡಿನಲ್ಲಿ ಕೂರಿಸಿ, ನಾಲ್ಕು ಸ್ಕ್ರೂ ಬಿಗಿದು, ವೈರು ಸಿಕ್ಕಿಸಿ, ಗೋಡೆಯ ಪ್ಲಗ್ಗು ಹಾಕಿದ. ಸ್ವಿಚ್ಚಿನ ಮೇಲೆ ಬೆರಳಿಡುವ ಮೊದಲು ಪ್ಲಗ್ಗನ್ನು ಇನ್ನೊಮ್ಮೆ ಒತ್ತಿ ನೋಡಿದ.

ಅತ್ತಿಗೆಗೆ ಕೂರಲು ಜಾಗ ಬೇಕಿತ್ತು. ಸ್ಟೂಲಿನ ಮೇಲಿದ್ದ ಎಂಟುನೂರೈವತ್ತರ ಖಾಲಿ ಡಬ್ಬಿಯನ್ನು ಎತ್ತಿದಳು. ಖಾಲಿಯಂತೆ ತೂಗಲಿಲ್ಲ.

"ಇದರೊಳಗೆ ವೈರಿನ ಚೀಲ ಇದೆಯಲ್ಲ, ಸೀಲೂ ಒಡೆದಿಲ್ಲ. ಇದೂ ನಿನ್ನ ಜೋಡಿ ಲೆಕ್ಕವಾ?"

ಜೋಡಿಯಣ್ಣ ತಿರುಗಿ ನೋಡಿದ. ಸೀಲು ಒಡೆಯದ ಚೀಲ. ಹಾಗಾದರೆ ಒಳಗೆ ಹೆಣೆದಿರುವುದು ಯಾರ ವೈರು?

ಕಾಲಿನಿಂದ ಶುರುವಾದ ಚಳಿ ನೆತ್ತಿಗೆ ಹೋಗಿ ಅಲ್ಲಿ ಜಾಗ ಸಾಲದೆ ಕಿವಿಯಲ್ಲಿ ಗುಂಯ್‌ಗುಟ್ಟಿತು. ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುವವನಿಗೆ ಗೊತ್ತಿರಲಿಲ್ಲವೇ? ಬೇರೆ ಬೇರೆ ಕಂಪನಿಯ ವೈರುಗಳು ತೂತಿಗೆ ಸಲೀಸಾಗಿ ಕೂರುತ್ತವೆ. ಒಳಗಿನ ತಂತಿಗಳ ಸಾಲು ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಒಂದರ ವೈರನ್ನು ಇನ್ನೊಂದಕ್ಕೆ ಹಾಕಬಾರದು ಎಂದು ಸ್ವತಃ ಅವನೇ ಎಷ್ಟು ಜನಕ್ಕೆ ಬುದ್ಧಿ ಹೇಳಿದ್ದ. ವಾಟಿನ ಭಯ ತಲೆಯೊಳಗೆ ಎಷ್ಟು ದೊಡ್ಡ ಚಾಪೆ ಹಾಸಿ ಮಲಗಿತ್ತೆಂದರೆ, ಬೇರೆ ಭಯಕ್ಕೆ ಕೂರಲು ಮೂಲೆಯೂ ಉಳಿದಿರಲಿಲ್ಲ.

ಗೋಡೆಯ ಪ್ಲಗ್ಗನ್ನು ಮೊದಲು ಕಿತ್ತ.

"ಯಾಕೋ? ಏನಾಯ್ತು?"

'ಏನಿಲ್ಲ, ಅದು ಹೆಚ್ಚುವರಿ' ಎಂದುಬಿಡಬಹುದಿತ್ತು. ಅವಳನ್ನು ಮನೆಗೆ ಕಳಿಸಿ, ಸಂಜೆಯೊಳಗೆ ಬಿಚ್ಚಿ ಸರಿಮಾಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಡಿಸ್ಕು ಒಳಗಿತ್ತು, ಅವಳು ಅದನ್ನೇ ನೋಡುತ್ತಿದ್ದಳು.

"ತಪ್ಪು ಮಾಡಿದೀನಿ ಅತ್ತಿಗೆ. ಆರುನೂರೈವತ್ತರ ವೈರನ್ನೇ ಎಂಟುನೂರೈವತ್ತಕ್ಕೆ ಸಿಕ್ಕಿಸಿದೀನಿ. ಸ್ವಿಚ್ಚು ಒತ್ತಿದ್ದರೆ..."

"ಒತ್ತಿದ್ದರೆ?"

"ಗೊತ್ತಿಲ್ಲ. ಅಳೆದು ನೋಡಬೇಕು."

"ಮೊದಲು ನನ್ನ ಡಿಸ್ಕು ಕೊಡು."

ಜೋರು ಮಾಡಲಿಲ್ಲ. ಅದೇ ಹೆಚ್ಚು ಹೆದರಿಸಿತು. ಅವನು ವೈರು ಕಳಚಿ ನಾಲ್ಕು ಸ್ಕ್ರೂ ಬಿಚ್ಚಿದ. ಡಿಸ್ಕು ಟವೆಲಿಗೆ, ಟವೆಲು ಅವಳ ಮಡಿಲಿಗೆ ಸೇರಿತು.

ಪವರ್ ಸಪ್ಲೈಯನ್ನು ಹೊರಗೆಳೆದು ಮೇಜಿನ ಮೇಲಿಟ್ಟ. ಬೋರ್ಡಿಗೆ ಹೋಗುವ ದೊಡ್ಡ ವೈರನ್ನು ಮಾತ್ರ ಸೀಲು ಒಡೆದು ಹೊಸದೇ ಹಾಕಿ, ಅದರ ತುದಿಯ ಎರಡು ತೂತಿಗೆ ತುಂಡು ತಂತಿ ಸಿಕ್ಕಿಸಿ, ಮೆಷೀನಿಲ್ಲದೆ ಅದೊಂದನ್ನೇ ಚಾಲು ಮಾಡಿದ. ಆಮೇಲೆ ಡಿಸ್ಕಿಗೆ ಹಾಕಿದ್ದ ಆ ಹಳೆಯ ವೈರಿನ ತುದಿಗೆ ವೋಲ್ಟು ಅಳೆಯುವ ಮೀಟರಿನ ಕಡ್ಡಿ ಮುಟ್ಟಿಸಿದ. ಐದು ವೋಲ್ಟು ಇರಬೇಕಾದ ಜಾಗದಲ್ಲಿ ಹನ್ನೆರಡು ತೋರಿಸಿತು.

ಅವಳು ಬಗ್ಗಿ ನೋಡಿದಳು. "ಎಷ್ಟಿರಬೇಕಿತ್ತು?"

"ಐದು."

"ಹನ್ನೆರಡು ಹೋಗಿದ್ದರೆ?"

"ಒಂದು ಕ್ಷಣ ಸಾಕಿತ್ತು. ಸುಟ್ಟ ವಾಸನೆ ಬರೋದರೊಳಗೆ ಮುಗಿದಿರೋದು."

ಟೈಲರನ ಹೊಲಿಗೆ ಮೆಷೀನು ಗೋಡೆಯಾಚೆ ಒಂದು ಉದ್ದನೆಯ ಹೊಲಿಗೆ ಮುಗಿಸಿ ನಿಂತಿತು. ಹನ್ನೊಂದು ವರ್ಷದಲ್ಲಿ ಎಷ್ಟು ಮನೆ, ಎಷ್ಟು ಮೆಟ್ಟಿಲು, ಎಷ್ಟು ಕಿಟಕಿ ಎಂದು ಅವಳು ಎಣಿಸುತ್ತಿದ್ದಾಳೆ ಎಂದು ಜೋಡಿಯಣ್ಣನಿಗೆ ಅನ್ನಿಸಿತು. ಬಯ್ಯಲಿ ಎಂದು ಕಾದ. ಬಯ್ದಿದ್ದರೆ ಅರ್ಧ ಹಗುರಾಗುತ್ತಿದ್ದ.

"ಎಲ್ಲಾ ಬಿಚ್ಚು," ಎಂದಳು. "ನಾನು ಇಲ್ಲೇ ಕೂತಿರ್ತೀನಿ."

ಬಿಚ್ಚಿದ. ಜಡೆ ಹೆಣೆದ ಟೈಗಳನ್ನೆಲ್ಲ ಕತ್ತರಿಸಿದ. ಹಳೆಯ ವೈರುಗಳನ್ನು ಕಟ್ಟಿ ಬಾಗಿಲಾಚೆ ಇಟ್ಟು ಬಂದ, ಒಳಗಿದ್ದರೆ ತಾವಾಗಿಯೇ ತೆವಳಿ ಬಂದಾವು ಎಂಬಂತೆ. ಹೊಸ ವೈರುಗಳನ್ನು ಎಳೆಯುವಾಗ ಅವಳು ಟಾರ್ಚು ಹಿಡಿದಳು. ಅಂದ ಚೆಂದ ನೋಡಲು ಯಾರಿಗೂ ವ್ಯವಧಾನವಿರಲಿಲ್ಲ. ಕ್ಯಾಬಿನೆಟ್ಟಿನೊಳಗೆ ಹಕ್ಕಿ ಗೂಡು ಕಟ್ಟಿದ ಹಾಗಿತ್ತು. ಸಂಜೆ ಐದರ ಹೊತ್ತಿಗೆ, ಅವಳ ಡಿಸ್ಕಿಲ್ಲದೆ, ಸ್ವಿಚ್ಚು ಒತ್ತಿದ. ಫ್ಯಾನು ತಿರುಗಿತು. ಪರದೆ ಬೆಳಗಿತು. ಕಾರ್ಡಿಗೂ ಪ್ರೊಸೆಸರಿಗೂ ಒಂದು ಗಂಟೆ ಬೆವರಿಳಿಯುವಷ್ಟು ಕೆಲಸ ಕೊಟ್ಟು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದ ವಾಟು ಮೀಟರನ್ನು ನೋಡುತ್ತ ಇಬ್ಬರೂ ಕೂತರು. ಐನೂರನಲವತ್ತು. ಐನೂರೈವತ್ತೈದು. ಮತ್ತೆ ಐನೂರನಲವತ್ತು.

"ಹಾಗಾದರೆ ಆರುನೂರೈವತ್ತೇ ಸಾಕಿತ್ತಾ?"

"ಸಾಕಿತ್ತೇನೋ. ಕಣ್ಣೆವೆ ಮುಚ್ಚೋದರೊಳಗೆ ಕಾರ್ಡು ನುಂಗೋ ಗುಕ್ಕು ಈ ಮೀಟರಿಗೆ ಕಾಣಲ್ಲ ಅತ್ತಿಗೆ. ಎಂಟುನೂರೈವತ್ತೇ ಇರಲಿ."

"ಇರಲಿ. ಈಗ ಡಿಸ್ಕಿನ ವೈರು ಅಳೆ."

ಮೆಷೀನು ನಿಲ್ಲಿಸದೆ, ಖಾಲಿ ತುದಿಗೆ ಕಡ್ಡಿ ಮುಟ್ಟಿಸಿದ. ಐದು. ಪಕ್ಕದ ಜಾಗದಲ್ಲಿ ಹನ್ನೆರಡು, ಅಲ್ಲಿ ಹನ್ನೆರಡೇ ಇರಬೇಕು.

"ಇನ್ನೊಂದ್ಸಲ."

ಅಳೆದ. ಐದು.

"ನಿನ್ನ ಹತ್ರ ಇನ್ನೊಂದು ಮೀಟರ್ ಇರಬೇಕಲ್ಲ."

ಇತ್ತು. ಅದರಲ್ಲೂ ಐದು. ಅವಳು ಕಡ್ಡಿಗಳನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಮುಟ್ಟಿಸಿದಳು. ಐದು. ಮೊಣಕೈಯನ್ನು ಮೇಜಿಗೆ ಊರಿ ಮತ್ತೆ ಮುಟ್ಟಿಸಿದಳು. ಐದು.

ಮೆಷೀನು ಆರಿಸಿದರು. ಟವೆಲು ಬಿಚ್ಚಿ, ಡಿಸ್ಕನ್ನು ಗೂಡಿನಲ್ಲಿಟ್ಟು, ವೈರನ್ನು ಅವಳೇ ಸಿಕ್ಕಿಸಿದಳು. ಸ್ವಿಚ್ಚು ಅವನು ಒತ್ತಲಿ ಎಂದಳು. ಅವನು ನೀವೇ ಒತ್ತಿ ಎಂದ. ಸ್ವಲ್ಪ ಹೊತ್ತು ಇಬ್ಬರೂ ಒತ್ತಲಿಲ್ಲ. ಕೊನೆಗೆ ಅವನೇ ಒತ್ತಿದ.

ಡಿಸ್ಕು ಕಿರ್ರೆಂದು ಸುತ್ತತೊಡಗಿತು. ಪರದೆಯ ಮೇಲೆ ವರ್ಷಗಳ ಹೆಸರಿನ ಹನ್ನೊಂದು ಫೋಲ್ಡರುಗಳು ಸಾಲಾಗಿ ನಿಂತವು. ನಾಳೆಯ ಗ್ರಂಥಾಲಯ ಕಡೆಯದರಲ್ಲಿತ್ತು. ಅವಳು ಅದಕ್ಕೆ ಹೋಗಲಿಲ್ಲ. ಮೊದಲನೆಯ ವರ್ಷದಿಂದ ಶುರುಮಾಡಿ ಒಂದೊಂದರಲ್ಲೂ ಒಂದೊಂದು ಮನೆ ತೆರೆದು ನೋಡಿದಳು. ಒಂದು ಜಗುಲಿ, ಒಂದು ಸುರುಳಿ ಮೆಟ್ಟಿಲು, ಯಾರದೋ ಅಡುಗೆಮನೆಯ ಕಿಟಕಿ. ಅವಳು ಹನ್ನೊಂದನೆಯದಕ್ಕೆ ಬರುವವರೆಗೆ ಜೋಡಿಯಣ್ಣ ಅವಳ ಹಿಂದೆ ನಿಂತೇ ಇದ್ದ. ಗ್ರಂಥಾಲಯದ ಬಾಗಿಲು ತೆರೆದು, ಓದುವ ಮೇಜುಗಳ ಮೇಲೆ ಬಿಸಿಲು ಬಿದ್ದದ್ದು ಕಂಡ ಮೇಲೆ, ಮೂಲೆಯಲ್ಲಿದ್ದ ಇನ್ನೊಂದು ಸ್ಟೂಲನ್ನು ಎಳೆದುಕೊಂಡು ಕೂತ.

"ನಕಲು ಶುರು ಮಾಡು," ಎಂದಳು ಅತ್ತಿಗೆ. "ಎರಡು ತೆಗಿ."