ಬಸವಣ್ಯಪ್ಪ ಮೇಷ್ಟ್ರ ಗುಂಡುಪಿನ್ನು

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪ್ರತಿ ಪಾಠದ ಬೆನ್ನಿಗೂ ಒಂದು ಮದುವೆ ಇತ್ತು. ಇತಿಹಾಸ ಹೇಳುತ್ತಿದ್ದ ಬಸವಣ್ಯಪ್ಪ ಮೇಷ್ಟ್ರು ತಮಗೆ ಬಂದ ಲಗ್ನಪತ್ರಿಕೆಗಳನ್ನೆಲ್ಲ ಎತ್ತಿಟ್ಟುಕೊಂಡು, ಬೆಂಕಿಪೊಟ್ಟಣದ ಅಳತೆಗೆ ಕತ್ತರಿಸಿ, ಖಾಲಿ ಹಿಂಬದಿಯಲ್ಲಿ ಇತಿಹಾಸ, ಸಸ್ಯಶಾಸ್ತ್ರ, ಕನ್ನಡ ಎಂದು ಬರೆದು ಥರ್ಮಾಕೋಲ್ ಹಲಗೆಗೆ ಗುಂಡುಪಿನ್ನಿನಿಂದ ಚುಚ್ಚುತ್ತಿದ್ದರು. ಅದೇ ಇಡೀ ಕಾಲೇಜಿನ ಟೈಮ್‌ಟೇಬಲ್. ಫ್ಯಾನಿನ ಗಾಳಿಗೆ ಚೀಟಿ ಮಗುಚಿದರೆ ಅರ್ಥಶಾಸ್ತ್ರದ ಹಿಂದಿನಿಂದ ಯಾವನೋ ವರನ ಅರ್ಧ ಹೆಸರು ಇಣುಕುತ್ತಿತ್ತು.

ಮೇಷ್ಟ್ರು ಹುಟ್ಟಿದ್ದು ಅಂಜನಾಪುರದ ಹತ್ತಿರ. ಹೆಂಡತಿ ಸೊರಬದ ಶಾಲೆಯಲ್ಲಿ ಟೀಚರಾಗಿದ್ದರಿಂದ ಮನೆ ಮಾಡಿದ್ದು ಸೊರಬದಲ್ಲಿ. ಶಿಕಾರಿಪುರದ ಕಾಲೇಜಿಗೆ ದಿನಾ ಬಸ್ಸು. ಅರ್ಧ ತೋಳಿನ ಬಿಳಿ ಶರ್ಟು, ಅದರ ಜೇಬಿನ ಅಂಚಿಗೆ ಸಾಲಾಗಿ ನಾಲ್ಕು ಗುಂಡುಪಿನ್ನು. ಹೊಸಬರು ಅವರನ್ನು ದರ್ಜಿ ಎಂದುಕೊಳ್ಳುತ್ತಿದ್ದರು. ಯಾವ ಊರಿನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಬಸ್‌ಸ್ಟ್ಯಾಂಡಿನವರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. "ಕಾಲೇಜು ಗಂಟೆ ಹೊಡೆದಾಗ ಸುರು ಆಗಲ್ರೀ, ಹುಡುಗ್ರು ಬಸ್ ಇಳಿದಾಗ ಸುರು ಆಗಾದು" ಎನ್ನುತ್ತಿದ್ದರು.

ನಾನು ಪಿಯುಸಿ ಮುಗಿಸಿದ ವರ್ಷ ಪದವಿಗೆ ಹೊಸ ನಿಯಮ ಬಂದಿತ್ತು. ಕಲಾ ವಿಷಯವನ್ನೂ ವಿಜ್ಞಾನದ ವಿಷಯವನ್ನೂ ಒಂದೇ ಡಿಗ್ರಿಯಲ್ಲಿ ಸೇರಿಸಿಕೊಳ್ಳಬಹುದು. ಕಾಗದದ ಮೇಲೇನೋ ಸೇರಿಸಬಹುದಿತ್ತು, ಆದರೆ ಸೇರಿಸಲು ಯಾರೂ ಬಂದಿರಲಿಲ್ಲ. ಅಡ್ಮಿಷನ್ ಮೇಜಿನ ಮುಂದೆ ನಿಂತು ನಾನು ಇತಿಹಾಸ, ಸಸ್ಯಶಾಸ್ತ್ರ ಎರಡೂ ಬೇಕು ಎಂದಾಗ ಮೇಜಿನ ಹಿಂದಿದ್ದವರು ಮುಖ ಮುಖ ನೋಡಿಕೊಂಡರು. ಮೂಲೆಯಲ್ಲಿ ಚೀಟಿ ಕತ್ತರಿಸುತ್ತ ಕೂತಿದ್ದ ಮೇಷ್ಟ್ರು ಮಾತ್ರ ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, "ಯಾಕವ್ವ?"

"ನಮ್ಮೂರಲ್ಲಿ ಕೆರೆ ಇದೆ ಸರ್. ಏರಿ ಮೇಲೆ ಶಾಸನದ ಕಲ್ಲಿದೆ, ಅದರ ಮೇಲೇ ಬಟ್ಟೆ ಒಗಿತಾರೆ. ಕೆರೆ ಯಾರು ಕಟ್ಟಿದ್ದು, ಒಳಗೆ ಬೆಳೆಯೋದು ಏನು, ಎರಡೂ ತಿಳ್ಕಬೇಕು."

ಅವರು ಕತ್ತರಿ ಕೆಳಗಿಟ್ಟು ಎರಡನೆಯದು ಕೇಳಿದರು. "ಯಾವ ಬಸ್ಸು?" ಬೆಳಿಗ್ಗೆ ಸೊರಬದಿಂದ ಬರುವುದು ಎಂದೆ. ಅವರದೂ ಅದೇ ಬಸ್ಸು.

ಅಪ್ಪನಿಗೆ ನಾನು ಬಿ.ಕಾಂ. ಮಾಡಲಿ ಎಂಬ ಆಸೆ. "ಕ್ಲಾಸು ಒಂದಕ್ಕೊಂದು ಅಡ್ಡ ಬಂದ್ರೆ ಸುಮ್ನೆ ಬಿ.ಕಾಂ. ಸೇರೋದು" ಎಂದು ಮಾತು ತೆಗೆದುಕೊಂಡೇ ಕಳಿಸಿದ್ದರು. ಮೊದಲ ವಾರವೇ ಅಡ್ಡ ಬಂತು. ಗುರುವಾರ ಹನ್ನೊಂದಕ್ಕೆ ಇತಿಹಾಸ, ಅದೇ ಹೊತ್ತಿಗೆ ಸಸ್ಯಶಾಸ್ತ್ರದ ಪ್ರಾಕ್ಟಿಕಲ್. ತಪ್ಪು ಮೇಷ್ಟ್ರದೇ. ಆರ್ಟ್ಸಿನವರು ಲ್ಯಾಬಿಗೆ ಹೋಗುವುದಿಲ್ಲ ಎಂಬ ಭರವಸೆಯ ಮೇಲೆ ಅಷ್ಟು ವರ್ಷ ಹಲಗೆ ತುಂಬಿಸಿದವರು ಅವರು. ಎರಡೂ ಕಡೆ ಕೂರಬೇಕಾದ ಒಂದೇ ಹುಡುಗಿ ಇರಬಹುದೆಂದು ಅವರಿಗೆ ಹೊಳೆದಿರಲೇ ಇಲ್ಲ. ಹೀಗೆ ಎರಡು ಕ್ಲಾಸು ಒಂದೇ ಹೊತ್ತಿಗೆ ಬೀಳುವುದಕ್ಕೆ ಅವರು 'ಡಿಕ್ಕಿ' ಎನ್ನುತ್ತಿದ್ದರು. ತಿಂಗಳೊಳಗೆ ಡಿಕ್ಕಿ ಬಿಡಿಸದಿದ್ದರೆ ಹುಡುಗಿ ಸಸ್ಯಶಾಸ್ತ್ರ ಬಿಡಬೇಕು ಎಂದು ಪ್ರಿನ್ಸಿಪಾಲ್ ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟರು.

ಮೇಷ್ಟ್ರು ಊಟದ ಹೊತ್ತಿನಲ್ಲೂ ಹಲಗೆಯ ಮುಂದೆ ನಿಂತಿರುತ್ತಿದ್ದರು. ಇತಿಹಾಸ ಸರಿಸಿದರೆ ಕನ್ನಡಕ್ಕೆ ಡಿಕ್ಕಿ. ಕನ್ನಡ ಸಂಜೆಗೆ ತಳ್ಳಿದರೆ ಶಿರಾಳಕೊಪ್ಪದ ಕಡೆಯ ಹನ್ನೆರಡು ಹುಡುಗಿಯರಿಗೆ ಬಸ್ಸು ತಪ್ಪುತ್ತದೆ. ಲ್ಯಾಬು ಇರುವುದು ಒಂದೇ. ನಾನು ಬಾಗಿಲಲ್ಲಿ ನಿಂತು, "ಬಿಡಿ ಸರ್, ಬಿ.ಕಾಂ. ಸೇರ್ಕತೀನಿ" ಎಂದೆ. ಅವರು ತಿರುಗಿ ನೋಡಲಿಲ್ಲ. "ತಪ್ಪು ನಂದು, ವಿಷಯ ಬಿಡಾಕಿ ನೀನಾ? ಹೋಗ್, ಕ್ಲಾಸಿಗೆ ಹೋಗ್."

ತಿಂಗಳ ಕೊನೆಯ ದಿನ ಹಲಗೆಯ ಚೌಕಗಳ ಹೊರಗೆ, ಅಂಚಿನಲ್ಲಿ, ಒಂದು ಹೊಸ ಚೀಟಿ ಚುಚ್ಚಿದ್ದರು. ಶುಕ್ರವಾರ, ಏಳೂಮುಕ್ಕಾಲು, ಇತಿಹಾಸ. ಮೇಡಂ ಕೇಳಿದರು, "ಇದು ಯಾವ ರೂಮ್ರೀ?"

"ರೂಮಲ್ಲ ಮೇಡಂ, ಬಸ್ಸು. ಗುರುವಾರ ಈಕಿ ಲ್ಯಾಬಿಗೆ ಹೋಗ್ಲಿ. ತಪ್ಪಿದ ಪಾಠ ನಾ ಮಾರನೇ ದಿನ ಬಸ್ಸಲ್ಲಿ ಹೇಳ್ತೀನಿ. ಸೊರಬ ಬಿಟ್ಟು ಶಿರಾಳಕೊಪ್ಪ ಬರಾದ್ರೊಳಗ ಮುಗಿತತಿ. ಹಾಜರಿ ಹಾಕಾನೂ ನಾನೇ ಅಲ್ರೀ."

ಮೇಡಂ ನಗುತ್ತ ಆ ಚೀಟಿಗೇ ಸಹಿ ಹಾಕಿದರು.

ಹಾಗೆ ನಾನು ವಾರಕ್ಕೊಂದು ತರಗತಿಯನ್ನು ಬಸ್ಸಿನಲ್ಲಿ ಕೇಳಿದೆ. ಇಂಜಿನ್ನಿನ ಸದ್ದಿಗೆ ಮೇಷ್ಟ್ರು ಕೂಗಿ ಹೇಳಬೇಕಿತ್ತು, ಆದ್ದರಿಂದ ಇಡೀ ಬಸ್ಸೇ ವಿದ್ಯಾರ್ಥಿ. ಒಮ್ಮೆ ಅವರು ಕೆರೆ ಕಟ್ಟಿಸಿದ ಅರಸನನ್ನು ಹೊಗಳುತ್ತಿದ್ದಾಗ, ಹಿಂದಿನ ಸೀಟಿನಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು, "ಅವ ಕಟ್ಟಿಸ್ದ ಸರಿ, ಮಣ್ಣು ಹೊತ್ತೋರು ಯಾರ್ರೀ?" ಎಂದಳು. ಮೇಷ್ಟ್ರು ಮಾತು ನಿಲ್ಲಿಸಿ ಟಿಕೆಟ್ಟಿನ ಹಿಂದೆ ಅದನ್ನು ಬರೆದುಕೊಂಡರು. ಮುಂದಿನ ಟೆಸ್ಟಿನಲ್ಲಿ ಅದೇ ಹತ್ತು ಅಂಕದ ಪ್ರಶ್ನೆ.

ನನ್ನ ಡಿಗ್ರಿ ಮುಗಿಯಿತು. ಮೇಷ್ಟ್ರು ನಿವೃತ್ತರಾದರು. ಆಮೇಲೆ ನಿಯಮವೂ ಬದಲಾಗಿ ಆರ್ಟ್ಸು, ಸೈನ್ಸು ಮತ್ತೆ ಬೇರೆ ಬೇರೆ ಕೂತವು. ಕೆರೆಗಳ ಸಮೀಕ್ಷೆ ಮಾಡುವವರು ಕಲ್ಲೂ ಓದಬಲ್ಲ, ಗಿಡವೂ ಗುರುತಿಸಬಲ್ಲ ಜನ ಬೇಕು ಎಂದಾಗ ಆ ಕೆಲಸ ನನಗೆ ಸಿಕ್ಕಿತು. ಹೇಳಲು ಸೊರಬದ ಮನೆಗೆ ಹೋದೆ.

ಕಾಲೇಜಿಗೆ ಬೇಡವಾದ ಥರ್ಮಾಕೋಲ್ ಹಲಗೆ ಅವರ ಪಡಸಾಲೆಯ ಗೋಡೆಯ ಮೇಲಿತ್ತು. ತುಂಬ ಹೊಸ ಚೀಟಿಗಳು. ಭೌತಶಾಸ್ತ್ರದ ಪಕ್ಕ ಸಂಗೀತ, ಅರ್ಥಶಾಸ್ತ್ರದ ಪಕ್ಕ ಮಣ್ಣಿನ ಪಾಠ, ಕೆಳಗೆ ಬಸ್ಸಿನ ಹೊತ್ತುಗಳು.

"ಮೂರು ವರ್ಷದ್ದು ಪೂರಾ ಐತಿ" ಎಂದರು. "ಯಾವ ವಿಷಯಕ್ಕೆ ಯಾವ್ದು ಬೇಕಾದ್ರೂ ತಗಳ್ಲಿ, ಒಂದು ಡಿಕ್ಕಿ ಇಲ್ಲ. ಹುಡುಕು ನೋಡಾಣ."

ನಾನು ಬೆರಳಿಟ್ಟು ಹುಡುಕಿದೆ. ನಿಜವಾಗಿಯೂ ಇರಲಿಲ್ಲ.

"ಹುಡುಗ್ರೂ ಇಲ್ಲ" ಎಂದು ತಾವೇ ನಕ್ಕರು. ನನಗೆ ನಗು ಬರಲಿಲ್ಲ. ಅಂಚಿನಲ್ಲಿ ಆ ಹಳೆಯ ಶುಕ್ರವಾರದ ಚೀಟಿ ಇನ್ನೂ ಇತ್ತು.

"ಡಿಕ್ಕಿನೇ ಇಲ್ಲ ಅಂದಮೇಲೆ ಇದ್ಯಾಕೆ ಸರ್?"

"ಇರ್ಲಿ ಬಿಡವ್ವ. ನಾ ಎಣಿಸದೇ ಇರಾದು ಕೇಳಾಕಿ ನಿನ್ನಂಥಾಕಿ ಇನ್ನೊಬ್ಬಾಕಿ ಬಂದ್ರ?"

ಎರಡು ತಿಂಗಳಿಗೆ ಅವರು ತೀರಿಕೊಂಡರು. ಕೆಲಸದ ಮೇಲೆ ನಾನು ಈಗಲೂ ಆ ಏಳೂಮುಕ್ಕಾಲರ ಬಸ್ಸು ಹತ್ತುತ್ತೇನೆ. ಪಕ್ಕದಲ್ಲಿ ಕಾಲೇಜಿನ ಹುಡುಗಿ ಕೂತರೆ ಏನು ಓದುತ್ತೀ ಎಂದು ಕೇಳುತ್ತೇನೆ. ಆಮೇಲೆ, ಯಾಕವ್ವ ಎಂದು ಕೇಳುತ್ತೇನೆ. ಯಾವ ಬಸ್ಸು ಎಂದು ಕೇಳಬೇಕಾಗಿಲ್ಲ.