ಅರಿಶಿನದ ಡಬ್ಬಿಯ ಮುಚ್ಚಳ

ಇಪ್ಪತ್ತಾರು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ನನಗೆ ಇಂಥ ಸಂಗತಿಗಳನ್ನು ಹೇಳುವವರ ಮೇಲೆ ಎಂದೂ ಗೌರವವಿರಲಿಲ್ಲ. ಪ್ರಬಂಧ ಬರೆದು ತನ್ನಿರೆಂದರೆ ಪ್ರತಿ ವರ್ಷವೂ ನಾಲ್ಕೈದು ಮಕ್ಕಳು ಹುಣಸೆಮರದ ದೆವ್ವವನ್ನೋ ಕೆರೆ ಏರಿಯ ಮೇಲಿನ ಬಿಳಿ ಸೀರೆಯನ್ನೋ ಬರೆದು ತರುತ್ತಿದ್ದರು. ನಾನು ಅಂಚಿನಲ್ಲಿ ಕೆಂಪು ಶಾಯಿಯಿಂದ ಮೂರು ಪ್ರಶ್ನೆ ಬರೆದು ಹಿಂದಿರುಗಿಸುತ್ತಿದ್ದೆ: ಕಂಡವರು ಯಾರು? ಎಷ್ಟು ಹೊತ್ತಿಗೆ? ಎಷ್ಟು ದೂರದಿಂದ? ಈಗ ಅದೇ ಪ್ರಶ್ನೆಗಳನ್ನು ನನಗೆ ನಾನೇ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಕಂಡವಳು ನಾನು. ಹೊತ್ತು, ಮಧ್ಯಾಹ್ನ ಎರಡೂವರೆ. ದೂರ, ಎರಡು ಅಡಿ. ಮೂರಕ್ಕೂ ಉತ್ತರವಿದೆ, ಆದರೂ ಏನಾಯಿತೆಂದು ನನಗೆ ತಿಳಿಯದು.

ಹುಣಸೂರಿನ ಶಾಲೆಯ ಆಡಳಿತ ಮಂಡಳಿಯವರೊಂದಿಗೆ ಮಾತು ಬೆಳೆದು ನಾನು ಕೆಲಸ ಬಿಟ್ಟ ವರ್ಷ ನಮ್ಮ ಯಜಮಾನರು ಅಂತರಸಂತೆಯಿಂದಾಚೆಗೆ, ಕಬಿನಿಯ ಹಿನ್ನೀರಿನ ದಡದಲ್ಲಿ, ಒಂದು ಎಕರೆ ಜಮೀನು ಕೊಂಡಿದ್ದರು. ನೀರಿಗೆ ಅಷ್ಟು ಹತ್ತಿರದಲ್ಲಿ ಅಡಿಪಾಯ ಹಾಕಿ ಕಟ್ಟುವಂತಿರಲಿಲ್ಲ. ಹೀಗಾಗಿ ಲಾರಿಗಳಿಗೆ ಬಾಡಿ ಕಟ್ಟುವ ಹುಣಸೂರಿನ ಸಾಬರೊಬ್ಬರಿಂದ, ಹಳೆಯ ಲಾರಿಯೊಂದರ ಚಾಸಿಯ ಮೇಲೆ, ತಗಡು ಮತ್ತು ಪ್ಲೈವುಡ್ಡಿನ ಮನೆಯೊಂದನ್ನು ಕಟ್ಟಿಸಿದರು. ಉದ್ದ ಹದಿನೆಂಟು ಅಡಿ, ಅಗಲ ಎಂಟು. ಎರಡು ಮಂಚ, ಒಂದು ಅಡುಗೆ ಕಟ್ಟೆ, ಎರಡು ಕಿಟಕಿ, ಒಂದು ಬಾಗಿಲು, ಕೆಳಗೆ ನಾಲ್ಕು ಚಕ್ರ. ಬಾಗಿಲಿನಿಂದ ನೆಲ ಮೂರು ಅಡಿ ಕೆಳಗಿದ್ದುದರಿಂದ ತೆಗೆದಿಡಬಹುದಾದ ಕಬ್ಬಿಣದ ಮೆಟ್ಟಿಲೊಂದಿತ್ತು. ಯಜಮಾನರಿಗೆ ಪಿರಿಯಾಪಟ್ಟಣದಲ್ಲಿ ಗೊಬ್ಬರದ ಅಂಗಡಿ. ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಹೊರಟುಬಿಡುತ್ತಿದ್ದರು. ಉಳಿದ ದಿನಗಳಲ್ಲಿ ಆ ಮನೆಯಲ್ಲಿ ನಾನಿರುತ್ತಿದ್ದೆ.

ಚಕ್ರದ ಮನೆಯ ಬದುಕು ಹವೆಯ ಕೈಯಲ್ಲಿರುತ್ತದೆ. ಬಿಸಿಲಿನಲ್ಲಿ ತಗಡು ಕಾದು ಮಧ್ಯಾಹ್ನ ಒಳಗಿರಲಾಗುವುದಿಲ್ಲ. ಮಳೆ ಬಂದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಪಶ್ಚಿಮದ ಗಾಳಿ ಎದ್ದರೆ ಒಲೆಯ ಮೇಲಿನ ಪಾತ್ರೆ ಸಣ್ಣಗೆ ಅಲುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ಮನೆಯನ್ನು ಕೆಳಗೆ ತರುವುದು, ಮುಂಗಾರಿನಲ್ಲಿ ಏರಿದಂತೆ ಮೇಲಕ್ಕೆಳೆಯುವುದು. ಪಕ್ಕದ ಹೊಲದ ಮಾದೇವ ತನ್ನ ಟ್ರ್ಯಾಕ್ಟರಿನಿಂದ ಈ ಕೆಲಸ ಮಾಡಿಕೊಡುತ್ತಿದ್ದ. ಪ್ರತಿ ಸಲವೂ ಜಾಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಅಡುಗೆ ಕಟ್ಟೆಯ ಮೇಲೆ ಲೋಟದ ತುಂಬ ನೀರಿಟ್ಟು ಮನೆ ಸಮವಾಗಿ ನಿಂತಿದೆಯೇ ಎಂದು ನಾನು ನೋಡುತ್ತಿದ್ದೆ. ಬೆಳಗ್ಗೆ ಆರಕ್ಕೆ ನೀರಿನ ಅಂಚಿನಲ್ಲಿ ಗೂಟ ನೆಟ್ಟು, ಹಿಂದಿನ ದಿನದ ಗೂಟದಿಂದ ಎಷ್ಟು ಹೆಜ್ಜೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಆ ನೋಟ್‌ಬುಕ್ಕಿನ ಮೇಲೆ ನನಗೆ ಬಹಳ ಅಭಿಮಾನವಿತ್ತು.

ಮೂರು ವರ್ಷದ ಹಿಂದೆ, ಬೇಸಿಗೆಯ ನಡುವೆ, ನನ್ನ ಅತ್ತೆ ಅಲ್ಲಿಗೆ ಬಂದರು. ಅವರು ಹೊಸ ಅಗ್ರಹಾರದಲ್ಲಿ ಮಗಳ ಮನೆಯಲ್ಲಿದ್ದವರು. ಸೊಂಟದ ಮೂಳೆ ಮುರಿದು, ಕೂಡಿಕೊಂಡಿದ್ದರೂ ಸರಿಯಾಗಿ ಕೂಡಿರಲಿಲ್ಲ. ಇಬ್ಬರು ಹಿಡಿದುಕೊಂಡರೆ ಹತ್ತು ಹೆಜ್ಜೆ, ಅಷ್ಟೇ. ಅಂಥವರು ನನ್ನ ಬಳಿಗೇ ಬರಬೇಕೆಂದು ಹಟ ಹಿಡಿದುದು ನನ್ನ ಮೇಲಿನ ಪ್ರೀತಿಯಿಂದಲ್ಲ. ಅವರು ಮದುವೆಯಾಗಿ ಬಂದ ಊರು, ಅಣೆಕಟ್ಟೆ ಕಟ್ಟಿದಾಗ ಮುಳುಗಿ, ಆ ನೀರಿನಡಿಯಲ್ಲಿತ್ತು. ಆ ವರ್ಷ ನೀರು ಬಹಳ ಇಳಿಯುತ್ತಿದೆಯೆಂದು ಯಾರೋ ಅವರಿಗೆ ಹೇಳಿದ್ದರು.

ಮನೆಯನ್ನು ನೋಡಿದೊಡನೆ ಅವರು ಆಡಿದ ಮಾತು ನೆನಪಿದೆ. "ಇದೇನ್ ಮನೆನೋ ಗಾಡಿನೋ ಮೇಷ್ಟ್ರಮ್ಮ? ಒಸ್ಲೇ ಇಲ್ದಿದ್ಮೇಲೆ ಒಳಗ್ಯಾವ್ದು, ಒರಗ್ಯಾವ್ದು?" ನನ್ನನ್ನು ಅವರು ಹೆಸರು ಹಿಡಿದು ಕರೆದವರಲ್ಲ, ಮದುವೆಯಾದಂದಿನಿಂದ ನಾನು ಮೇಷ್ಟ್ರಮ್ಮ. ಮರುದಿನದಿಂದ ಬಾಗಿಲ ಬಳಿ ಕೂರಿಸೆಂದು ಹೇಳಿ, ಕಬ್ಬಿಣದ ಮೆಟ್ಟಿಲನ್ನೇ ಹೊಸ್ತಿಲೆಂದುಕೊಂಡು, ಒದ್ದೆ ಬಟ್ಟೆಯಿಂದ ಒರೆಸಿ ಅರಿಶಿನ ಬಳಿದು ಕುಂಕುಮವಿಡತೊಡಗಿದರು. ಅರಿಶಿನಕ್ಕೆಂದೇ ತಮ್ಮ ಚಿಕ್ಕ ಸ್ಟೀಲಿನ ಡಬ್ಬಿಯೊಂದನ್ನು ತಂದಿದ್ದರು. ಮುಚ್ಚಳದ ಮೇಲೆ ಅವರ ಹೆಸರು ಕೊರೆದಿತ್ತು.

ಒಂದು ಸಂಜೆ ಕಾರಣ ಹೇಳಿದರು. ಊರು ಬಿಡುವ ದಿನ, ಸಾಮಾನು ಸಾಗಿಸುವ ಲಾರಿ ಇನ್ನೂ ಬೆಳಕು ಹರಿಯುವ ಮುನ್ನವೇ ಬಂದುಬಿಟ್ಟಿತಂತೆ. ಅವರ ಅತ್ತೆ ಅವಸರಪಡಿಸಿ ಹತ್ತಿಸಿದರಂತೆ. ನಾಲ್ಕು ವರ್ಷ ಒಂದು ದಿನವೂ ತಪ್ಪದೆ ತೊಳೆದ ಹೊಸ್ತಿಲನ್ನು ಆ ಒಂದು ಬೆಳಗ್ಗೆ ತೊಳೆಯಲಿಲ್ಲ. ಮುಖ ತೊಳೆಯದ ಹೆಂಗಸನ್ನು ಬಿಟ್ಟುಬಂದಂತಾಯಿತು ಎಂದರು. ಅದಕ್ಕೊಮ್ಮೆ ಅರಿಶಿನ ಬಳಿದು ಬಂದುಬಿಟ್ಟರೆ ತಮಗೆ ಬೇರೇನೂ ಬೇಡವಂತೆ. ನಾನು ಆಗಲಿ ಎಂದೆ. ಕೆಲಸವೊಂದನ್ನು ವಹಿಸಿಕೊಂಡಂತೆ ವಹಿಸಿಕೊಂಡೆ.

ಮೇ ತಿಂಗಳ ಕೊನೆಗೆ ಊರಿನ ಕಲ್ಲುಗಳು ಎದ್ದವು. ಗೋಡೆಗಳು ಎಂದೋ ಕರಗಿ ಹೋಗಿದ್ದವು. ಬಾಗಿಲುಗಳಿದ್ದಲ್ಲಿ ಹೊಸ್ತಿಲ ಕಲ್ಲುಗಳು ಮಾತ್ರ ಸಾಲಾಗಿ ಉಳಿದಿದ್ದವು. ನಮ್ಮ ಮನೆಯಿಂದ ಅಲ್ಲಿಗೆ ಸುಮಾರು ಮುನ್ನೂರು ಹೆಜ್ಜೆ. ಮೊದಲರ್ಧ ದಡದ ಕೆಂಪು ಮಣ್ಣು, ಆಮೇಲೆ ನೀರು ಬಿಟ್ಟುಹೋದ ಕರಿ ಕೆಸರು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತೊಯ್ಯಬೇಕಿತ್ತು. ಕೆಸರು ಗಟ್ಟಿಯಾಗಲು ಎಷ್ಟು ದಿನ ಬೇಕೆಂದು ನಾನು ಕೋಲು ಚುಚ್ಚಿ ನೋಡಿ, ಯಜಮಾನರೂ ಇರುವ ಭಾನುವಾರವನ್ನು ಗೊತ್ತುಮಾಡಿದೆ. ಇನ್ನು ಮೂರು ದಿನವಿದೆ ಎನ್ನುವಾಗ ಮಾದೇವ ಬಂದ.

"ಮೇಡಮ್ನೋರೆ, ಇವತ್ತೇ ಒತ್ಕೊಂಡೋಗಿ ಬಂದ್ಬುಡಾನ. ನಾನು ನನ್ನೆಂಡ್ರು ಇಬ್ರೂ ಸಾಕು. ವೈನಾಡ್ ಕಡೆ ನೋಡಿ, ಕಪ್ಪಗದೆ. ನೀರ್ ಬತ್ತದೆ."

ನಮ್ಮ ತಲೆಯ ಮೇಲಿನ ಆಕಾಶ ತಿಳಿಯಾಗಿತ್ತು. ಹನ್ನೊಂದು ದಿನಗಳಿಂದ ನೀರು ಒಂದೇ ಸಮನೆ ಇಳಿಯುತ್ತಿತ್ತು. ನೋಟ್‌ಬುಕ್ಕನ್ನು ತೆರೆದು ಅವನಿಗೆ ಓದಿಯೇ ಹೇಳಿದೆ. ಅಲ್ಲಿಯವರು ಆಕಾಶವನ್ನು ನೋಡುವಾಗ ತಮ್ಮ ತಲೆಯ ಮೇಲೆ ನೋಡುವುದಿಲ್ಲ, ಕೇರಳದ ಬೆಟ್ಟಗಳ ಮೇಲೆ ನೋಡುತ್ತಾರೆ; ಅಲ್ಲಿ ಮಳೆ ಹೊಯ್ದರೆ ಇಲ್ಲಿ ಹನಿ ಬೀಳದಿದ್ದರೂ ನೀರು ಏರುತ್ತದೆ. ಇಷ್ಟು ಸರಳ ವಿಷಯ ನನಗೆ ಗೊತ್ತಿರಲಿಲ್ಲವೆಂದಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಒಳಗಿನಿಂದ ಅತ್ತೆ ಅಂದರು: "ಓಗಾನ ಕಣವ್ವ. ಕೆಸರಾದ್ರೇನು, ತೊಳ್ಕಂಡ್ರಾಯ್ತು."

ಅದೊಂದೇ ಸಲ ಅವರು ನನ್ನನ್ನು ಅವ್ವ ಎಂದದ್ದು. ನಾನು ತರಗತಿಯ ದನಿಯಲ್ಲಿ ಉತ್ತರಿಸಿದೆ: "ಒಮ್ಮೆ ಹೇಳಿದ ಮೇಲೆ ಮುಗಿಯಿತು. ಭಾನುವಾರ." ಮಾದೇವ ತಲೆ ಕೆರೆದುಕೊಂಡು ಹೊರಟುಹೋದ. ಅತ್ತೆ ಗೋಡೆಯ ಕಡೆಗೆ ಮಗ್ಗುಲಾದರು.

ಮರುದಿನ ಬೆಳಗ್ಗೆ ಗೂಟ ಕಾಣಲಿಲ್ಲ. ನೀರು ಅದನ್ನು ದಾಟಿ ಮೇಲೆ ಬಂದಿತ್ತು. ನೀರಿನ ಬಣ್ಣ ಚಹಾದಂತೆ ಕೆಂಪಾಗಿತ್ತು. ಹನ್ನೆರಡು ಗಂಟೆಯ ಹೊತ್ತಿಗೆ ಜಡಿಮಳೆ ಹಿಡಿದು, ಮಂಜು ಕವಿದು, ಕಲ್ಲುಗಳ ಕಡೆ ಏನೂ ಕಾಣದಾಯಿತು. ಮನೆಯನ್ನು ಮೇಲಕ್ಕೆಳೆಯದೆ ವಿಧಿಯಿರಲಿಲ್ಲ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಸಂತೆಯ ದಿನವಾದ್ದರಿಂದ ಮಾದೇವನೂ ಅವನ ಹೆಂಡತಿಯೂ ಅಂತರಸಂತೆಗೆ ಹೋಗಿದ್ದರು. ನಾನೇ ನಡೆದುಹೋಗಿ ಕರೆತರಬೇಕಿತ್ತು.

ಹೊರಡುವ ಮುನ್ನ ನಾನು ಮಾಡಿದ್ದನ್ನು ಒಂದೊಂದಾಗಿ ಬರೆಯುತ್ತೇನೆ. ನೆಲವನ್ನು ಒರೆಸಿದೆ. ಅತ್ತೆಯ ಮೇಲೆ ಕಂಬಳಿ ಹೊದಿಸಿದೆ. ಅವರು ಎದ್ದು ಬಾಗಿಲ ಕಡೆ ಬಂದು ಬಿದ್ದಾರೆಂದು ಹೊರಗಿನಿಂದ ಬೋಲ್ಟು ಹಾಕಿ, ಅದು ಗಾಳಿಗೆ ಜಾರದಂತೆ ತಂತಿ ಸುತ್ತಿದೆ. ಮೆಟ್ಟಿಲನ್ನು ತೆಗೆದು ಮನೆಯ ಕೆಳಗೆ ತಳ್ಳಿದೆ. ಕಿಟಕಿಗಳಿಗೆ ಕಂಬಿಗಳಿದ್ದವು. ಮುದುಕಿಯೊಬ್ಬರನ್ನು ಏರುತ್ತಿದ್ದ ನೀರಿನೆದುರು ಪೆಟ್ಟಿಗೆಯಲ್ಲಿಟ್ಟಂತೆ ಇಟ್ಟು ಹೋದೆನೆಂಬುದು ಆಗ ನನಗೆ ಹೊಳೆಯಲಿಲ್ಲ. ಜಾಗರೂಕತೆಯಿಂದ ನಡೆದುಕೊಂಡೆನೆಂದೇ ತಿಳಿದಿದ್ದೆ.

ಸಂತೆಯಲ್ಲಿ ಮಾದೇವನನ್ನು ಹುಡುಕಿ, ಗಂಡಹೆಂಡಿರ ಜೊತೆ ಟ್ರ್ಯಾಕ್ಟರಿನಲ್ಲಿ ಕೂತು ಹಿಂದಿರುಗಿದಾಗ ಎರಡೂವರೆ. ನೀರು ಮುಂದಿನ ಚಕ್ರಗಳಿಂದ ನಾಲ್ಕು ಹೆಜ್ಜೆಯಲ್ಲಿತ್ತು. ಕಲ್ಲುಗಳ ಮೇಲೆ ಆಳುದ್ದ ನೀರು ನಿಂತು ಗಂಟೆಗಳಾಗಿರಬೇಕು. ಬಾಗಿಲಿಗೆ ಬೋಲ್ಟು ಹಾಗೆಯೇ ಇತ್ತು, ತಂತಿಯೂ ನಾನು ಸುತ್ತಿದಂತೆಯೇ ಇತ್ತು. ಬಿಡಿಸಲು ನನಗೇ ಹೊತ್ತು ಹಿಡಿಯಿತು.

ಅತ್ತೆ ಮಂಚದ ಮೇಲಿದ್ದರು. ಕಂಬಳಿ ಕಾಲಿನಿಂದ ಸರಿದಿತ್ತು. ಎರಡೂ ಪಾದಗಳಿಗೆ, ಗಿಣ್ಣಿನವರೆಗೆ, ಹಸಿ ಕೆಸರು ಮೆತ್ತಿತ್ತು. ದಡದ ಕೆಂಪು ಮಣ್ಣಲ್ಲ, ಕರಿಯ ಕೆಸರು. ಬಾಗಿಲಿನಿಂದ ಮಂಚದವರೆಗೆ ನಾನು ಒರೆಸಿದ ನೆಲದ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಅವರ ಎರಡೂ ಅಂಗೈ ಹಳದಿಯಾಗಿದ್ದವು. ಅರಿಶಿನದ ಡಬ್ಬಿ ತಲೆಯ ಬಳಿ ಖಾಲಿಯಾಗಿ ಬಿದ್ದಿತ್ತು, ಮುಚ್ಚಳವಿರಲಿಲ್ಲ.

"ಓಗ್ಬುಟ್ಟು ಬಂದೆ," ಅಂದರು. "ಒಸ್ಲು ಅಂಗೇ ಅದೆ."

ಯಾರು ಕರೆದೊಯ್ದರೆಂದು ಕೇಳಿದೆ. ಯಾರೂ ಇಲ್ಲ, ಬಾಗಿಲು ತೆಗೆದಿತ್ತಲ್ಲ, ಹೋದೆ ಎಂದರು. ಆ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಹಿಂದೆ ಕಂಡಿರಲಿಲ್ಲ. ಅದನ್ನು ಹಾಗೇ ಬಿಡಬಹುದಿತ್ತು. ಬಿಡಲಿಲ್ಲ. "ಬೋಲ್ಟು ಹಾಕಿದವಳು ನಾನು. ಈ ವಯಸ್ಸಿನಲ್ಲಿ ಸುಳ್ಳು ಹೇಳಬೇಡಿ," ಎಂದೆ. ಬಾಗಿಲಲ್ಲಿ ನಿಂತಿದ್ದ ಮಾದೇವನ ಹೆಂಡತಿ ತಲೆ ತಗ್ಗಿಸಿದಳು.

ಅತ್ತೆ ಕಂಬಳಿಯನ್ನು ಕಾಲಿನ ಮೇಲೆ ಎಳೆದುಕೊಂಡರು. ಮುಖದ ಆ ನೆಮ್ಮದಿ ಹೋಗಿಬಿಟ್ಟಿತು. "ಅಂಗಾರೆ ಬುಡು ಮೇಷ್ಟ್ರಮ್ಮ. ಓಗ್ನಿಲ್ಲ ಅಂತ್ಲೇ ಬರ್ಕೊ."

ನಾನೇ ಅವರ ಕಾಲು ತೊಳೆದೆ. ಮಾದೇವ ಮನೆಯನ್ನು ಮೇಲಕ್ಕೆಳೆದ. ಶನಿವಾರ ಸಂಜೆ ಯಜಮಾನರು ಬಂದು ವಿಚಾರಿಸಿದಾಗ ಅತ್ತೆ, ನೀರು ಬಂದುಬಿಟ್ಟಿತಪ್ಪ, ಹೋಗಲಾಗಲಿಲ್ಲ ಎಂದಷ್ಟೇ ಹೇಳಿದರು. ನನ್ನ ಕಡೆ ತಿರುಗಲಿಲ್ಲ. ಮೆಟ್ಟಿಲಿಗೆ ಅರಿಶಿನ ಬಳಿಯುವುದನ್ನೂ ಬಿಟ್ಟರು. ಇಪ್ಪತ್ತು ದಿನದೊಳಗೆ, ಮಳೆ ತಗಡಿನ ಮೇಲೆ ಬಾರಿಸುತ್ತಿದ್ದ ಒಂದು ಬೆಳಗ್ಗೆ, ತೀರಿಕೊಂಡರು. ಕೊನೆಯಲ್ಲಿ ಏನಾದರೂ ಹೇಳಿದರೋ ಏನೋ, ಆ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಕಾರಣಗಳನ್ನು ನಾನು ಹುಡುಕದೆ ಬಿಟ್ಟಿಲ್ಲ. ಯಾರೋ ಬಂದು ಹೊತ್ತೊಯ್ದು, ತಂದು ಮಲಗಿಸಿ, ತಂತಿಯನ್ನು ಮೊದಲಿನಂತೆ ಸುತ್ತಿ ಹೋಗಿರಬಹುದು. ಆದರೆ ಸುತ್ತಲಿನವರೆಲ್ಲ ಸಂತೆಯಲ್ಲಿದ್ದರು, ಹಾಗೆ ಮಾಡಿದವರು ಬಚ್ಚಿಡಬೇಕಾದ ಕಾರಣವೂ ಇಲ್ಲ. ಬೆಳಗ್ಗೆ ನೀರಿನ ಬಳಿ ಹೋಗಿದ್ದ ನನ್ನ ಚಪ್ಪಲಿಯ ಕೆಸರು ಅವರ ಕಾಲಿಗಂಟಿತೆನ್ನೋಣವೆಂದರೆ ಚಪ್ಪಲಿ ಹೊರಗಿತ್ತು, ಅದರ ಕೆಸರು ಗಿಣ್ಣಿನವರೆಗೆ ಬರುವಷ್ಟಿರಲಿಲ್ಲ. ಇನ್ನು ಮುಚ್ಚಳ. ಹದಿನೆಂಟಕ್ಕೆ ಎಂಟು ಅಡಿಯ ಮನೆಯಲ್ಲಿ ಮಂಚಗಳನ್ನು ಬಿಚ್ಚಿಸಿ, ಹಾಸಿಗೆಯ ಹೊಲಿಗೆ ಬಿಡಿಸಿ, ನೆಲದ ಹಲಗೆಗಳನ್ನು ಎಬ್ಬಿಸಿ ನೋಡಿದ್ದೇನೆ. ಅದು ಮನೆಯಲ್ಲಿಲ್ಲ.

ಈ ಬೇಸಿಗೆಯಲ್ಲಿ ನೀರು ಮತ್ತೆ ಅಷ್ಟೇ ಇಳಿಯಿತು. ಕಲ್ಲುಗಳು ಎದ್ದ ದಿನವೇ, ಕೆಸರು ಒಣಗಲೆಂದು ಕಾಯದೆ, ಮೊಣಕಾಲುದ್ದ ಹೂತುಕೊಂಡು ನಾನು ಒಬ್ಬಳೇ ಹೋದೆ. ಮುಚ್ಚಳ ಸಿಕ್ಕೀತೆಂದು ಹೋದೆನೋ, ಸಿಗದಿರಲೆಂದು ಹೋದೆನೋ, ಹೇಳಲಾರೆ. ಹೋಗಿ ನಿಂತ ಮೇಲೆ ತಿಳಿದದ್ದು ಬೇರೆಯೇ. ನಾಲ್ಕೈದು ಮಾರಿಗೊಂದರಂತೆ ಹೊಸ್ತಿಲ ಕಲ್ಲುಗಳು ಸಾಲಾಗಿದ್ದವು, ಎಲ್ಲವೂ ಒಂದೇ ತೆರನಾಗಿದ್ದವು. ಅವುಗಳಲ್ಲಿ ಅತ್ತೆಯದು ಯಾವುದು? ಯಜಮಾನರು ಹುಟ್ಟಿದ್ದು ಊರು ಮುಳುಗಿದ ಮೇಲೆ, ಅವರಿಗೆ ಗೊತ್ತಿಲ್ಲ. ಗೊತ್ತಿದ್ದವರು ಎರಡು ತಿಂಗಳು ನನ್ನ ಜೊತೆ ಇದ್ದರು. ಹೆಜ್ಜೆ ಎಣಿಸಿದ ನಾನು, ಕೋಲು ಚುಚ್ಚಿದ ನಾನು, ನಿಮ್ಮ ಮನೆ ಎಷ್ಟನೆಯದು ಎಂದು ಅವರನ್ನು ಒಂದು ದಿನವೂ ಕೇಳಿರಲಿಲ್ಲ.

ಕಂಡ ಕಲ್ಲುಗಳು ಹದಿನೇಳು. ಒಂದೊಂದರ ಸುತ್ತಲೂ ಕೈಯಿಂದ ಕೆಸರು ತೋಡಿ ನೋಡಿ, ತೊಳೆದು, ಅರಿಶಿನ ಬಳಿದೆ. ಮುಚ್ಚಳ ಸಿಗಲಿಲ್ಲ. ಸಾಲು ಅಲ್ಲಿಗೆ ಮುಗಿದಿರಲಿಲ್ಲ. ಮುಂದಿನ ಕಲ್ಲುಗಳು ತೆಳು ನೀರಿನಡಿಯಲ್ಲಿ ನೆರಳಿನಂತೆ ಕಾಣುತ್ತಿದ್ದವು. ಇನ್ನೊಂದು ವಾರದಲ್ಲಿ ಅವೂ ಏಳುತ್ತಿದ್ದವು. ಅಷ್ಟರಲ್ಲಿ ದಡದಿಂದ ಮಾದೇವ ಪಶ್ಚಿಮದ ಕಡೆ ಕೈ ತೋರಿಸಿ ಕೂಗಿದ. ಬೆಟ್ಟದ ಮೇಲೆ ಕಪ್ಪಗಾಗಿತ್ತು. ಈ ಸಲ ನಾನು ಮರುಮಾತಾಡದೆ ಹಿಂದಿರುಗಿದೆ. ಮರುದಿನ ಬೆಳಗ್ಗೆ ಹದಿನೇಳೂ ಮುಳುಗಿದ್ದವು.

ಮೂರು ವರ್ಷದ ಹಿಂದಿನ ನೋಟ್‌ಬುಕ್ಕು ಇನ್ನೂ ನನ್ನ ಬಳಿ ಇದೆ. ಬೋಲ್ಟು ಹಾಕಿ ಹೋದ ದಿನದ ಪುಟದಲ್ಲಿ ತಾರೀಕಿದೆ, ಕೆಳಗೆ ಏನೂ ಇಲ್ಲ. ಹೋಗಲಿಲ್ಲ ಎಂದು ಬರೆದುಕೊಳ್ಳಲು ಅವರು ಹೇಳಿದ್ದರು. ಎರಡು ಮೂರು ಸಲ ಪೆನ್ನು ಹಿಡಿದು ಕೂತಿದ್ದೇನೆ.

ಡಬ್ಬಿಗೆ ಹೊಸ ಅರಿಶಿನ ತುಂಬಿ, ಕಾಫಿಯ ಸಾಸರೊಂದನ್ನು ಮುಚ್ಚಿಟ್ಟಿದ್ದೇನೆ. ಗಾಳಿ ಎದ್ದು ಮನೆ ಅಲುಗಿದಾಗ ಅದು ಕಟಕಟ ಎನ್ನುತ್ತದೆ. ಎದ್ದು ಹೋಗಿ ಸರಿಪಡಿಸುತ್ತೇನೆ.