ಹದಿನೇಳನೆಯ ಪೀಪಾಯಿ

ನಾಗವೇಣಿ, ಅವತ್ತು ನಿಮ್ಮ ಮೂಗು ಸರಿಯಾಗಿತ್ತು. ಕೆಟ್ಟಿದ್ದು ನನ್ನದು. ಅದು ನನಗೆ ಗೊತ್ತಿತ್ತು — ಗೊತ್ತಿದ್ದೇ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದೆ. ನಾಲ್ಕು ವರ್ಷವಾಯಿತು.

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯ ಆ ಡಿಸ್ಟಿಲರಿಯಲ್ಲಿ ವಿಸ್ಕಿ ಮೂಸುವುದೇ ನನ್ನ ಕೆಲಸವಾಗಿತ್ತು. ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ ಉಗುಳುವುದು. ನಾನು ಮಕ್ಕಳಿಗೆ ಕುಡಿಸುವ ಮಾಲ್ಟ್ ಪುಡಿಯ ಕಾರ್ಖಾನೆಯಲ್ಲಿದ್ದೆ ಎಂದು ತೊಗರ್ಸಿಯ ನೆಂಟರು ಇವತ್ತಿಗೂ ನಂಬಿದ್ದಾರೆ. ವಿಭೂತಿ ಹಚ್ಚುವ ಮನೆತನ ನಮ್ಮದು, ನಾನೂ ತಿದ್ದಲು ಹೋಗಲಿಲ್ಲ. ಆ ಸುಳ್ಳಿನಿಂದ ಯಾರ ಹೊಟ್ಟೆಯ ಮೇಲೂ ಹೊಡೆದಂತಾಗಲಿಲ್ಲ.

ನಮ್ಮದು ತೀರ ಹಗುರವಾದ ಸಿಂಗಲ್ ಮಾಲ್ಟ್. ಬಾರ್ಲಿ, ಚೂರು ಜೇನು, ಆಗಷ್ಟೇ ಕೊಯ್ದ ಸೇಬಿನ ವಾಸನೆ, ಅಷ್ಟೇ. ಹೊಗೆ ಘಾಟಿನ ವಿಸ್ಕಿಯಲ್ಲಿ ಸಣ್ಣ ಕೊಳಕು ಅಡಗಿಕೊಳ್ಳಬಹುದು, ಇದರಲ್ಲಿ ಅದಕ್ಕೆ ಜಾಗವಿಲ್ಲ. ಅದಕ್ಕೇ ಪ್ರತಿ ಪೀಪಾಯಿಯನ್ನೂ ಇಬ್ಬರು ಮೂಸಬೇಕು, ಮಾತಾಡದೆ ಮೊದಲು ಬರೆಯಬೇಕು, ಆಮೇಲೆ ಚೀಟಿ ತೋರಿಸಬೇಕು. ಜಡೆ ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ನೀವು ಆ ಎರಡನೆಯ ಮೂಗು.

ಒಂದು ಜ್ವರ ಬಂದು ಹೋದ ಮೇಲೆ ನನಗೆ ವಾಸನೆಯೇ ಹೋಯಿತು. ಒಗ್ಗರಣೆ ಸೀದು ಮನೆಯಾಕೆ ಕೂಗಿಕೊಂಡರೆ ನಾನು ಪೇಪರ್ ಓದುತ್ತ ಕೂತಿದ್ದೆ. ಅಳು ಬರಲಿಲ್ಲ, ಹೆದರಿಕೆಯೂ — ಏನೂ ಬರಲಿಲ್ಲ. ಯಾರಿಗೂ ಹೇಳದೆ ಕೆಲಸಕ್ಕೆ ಹೋದೆ. ನಿಮ್ಮ ಚೀಟಿಯನ್ನು ಓರೆಗಣ್ಣಿನಲ್ಲಿ ನೋಡಿ, ಅದನ್ನೇ ಬೇರೆ ಮಾತಿನಲ್ಲಿ ಬರೆದೆ. ಆರು ತಿಂಗಳು ನಿಮ್ಮ ಮೂಗಿನ ಮೇಲೆ ಬದುಕಿದೆ.

ಹದಿನೇಳನೆಯ ಪೀಪಾಯಿಯ ದಿನ ಮ್ಯಾನೇಜರು ನಮ್ಮಿಬ್ಬರ ನಡುವೆ ಕುರ್ಚಿ ಹಾಕಿಕೊಂಡು ಕೂತರು. ನಿಮ್ಮ ಚೀಟಿ ಕಾಣಲಿಲ್ಲ. ಹೆಚ್ಚಿನವು ಚೆನ್ನಾಗಿಯೇ ಇರುತ್ತವಲ್ಲ ಎಂದು "ಚೆನ್ನಾಗಿದೆ" ಅಂತ ಬರೆದೆ. ನೀವು ಬರೆದಿದ್ದು "ಒದ್ದೆ ಗೋಣಿಚೀಲ".

"ಏನ್ರೀ ಇದು? ಯಾರ್ದು ಖರೆ?" ಎಂದರು ಮ್ಯಾನೇಜರು.

"ಇನ್ನೊಂದ್ಸಲ ಮೂಸಿ ಸರ್, ನಿಮಗೆ ಗೊತ್ತಾಗ್ತದೆ," ಎಂದಿರಿ ನೀವು.

ಮೂಸಿದೆ. ನೀರು ಮೂಸಿದ ಹಾಗಿತ್ತು. ಗ್ಲಾಸು ಕೆಳಗಿಟ್ಟು ಹೇಳಿದೆ — "ಅವ್ರ ಮೂಗು ಅಷ್ಟಕ್ಕಷ್ಟೇ ರೀ. ಮೊದಲಿಂದ್ಲೂ ನೋಡೀನಿ."

ಮೊದಲಿಂದ್ಲೂ! ಆ ಒಂದು ಮಾತು ಯಾಕೆ ಸೇರಿಸಿದೆನೋ. ಮಾರನೆಯ ವಾರ ನಿಮ್ಮನ್ನು ಬಾಟಲಿಗೆ ಲೇಬಲ್ ಅಂಟಿಸಲು ಹಾಕಿದರು. ಎರಡು ತಿಂಗಳಲ್ಲಿ ನೀವು ಕೆಲಸ ಬಿಟ್ಟಿರಿ. ಆಮೇಲೆ ಆ ಪೀಪಾಯಿ ತೆರೆದಾಗ ಬಾಗಿಲಲ್ಲಿದ್ದವರೂ ಮೂಗು ಮುಚ್ಚಿಕೊಂಡರು. "ಬೇಸಿಗೆಗೆ ಕೆಟ್ಟಿರಬೇಕು," ಅಂದೆ. ಎಲ್ಲರೂ ಹೌದೆಂದರು. ನನಗೆ ಶಾಲು ಹೊದಿಸಿ ನಿವೃತ್ತಿ ಕೊಟ್ಟರು.

ಹೋದ ವಾರ ಪಹಣಿ ಕೆಲಸಕ್ಕೆ ಸೊರಬಕ್ಕೆ ಬಂದಾಗ ಸಿಕ್ಕಿರಿ. ನೀವೇ ಗುರುತಿಸಿ, ಚಹಾ ಕುಡಿಸಿ, ನಗುತ್ತ ಹೇಳಿದಿರಿ: "ಹಾಲು ಒಡೆದಿದ್ಯೋ ಅಂತಾನೂ ಈಗ ಮಗಳ ಹತ್ರ ಕೇಳೋದು ಸರ್. ನೀವು ಹಾಗಂದ್ಮೇಲೆ ನನ್ನ ಮೂಗಿನ ಮೇಲೆ ನನಗೇ ನಂಬಿಕೆ ಇಲ್ಲ. ನಿಮ್ಮಂಥ ಮೂಗು ಎಲ್ರಿಗೂ ಬರ್ತದಾ?"

ನಾನೂ ನಕ್ಕೆ. ಚಹಾ ಮುಗಿಸಿ ಬಸ್ಸು ಹತ್ತಿದೆ.

ನಿಮ್ಮ ಕೆಲಸ ಮಾತ್ರ ಕಳೆದೆ ಅಂದುಕೊಂಡಿದ್ದೆ. ಡಿಸ್ಟಿಲರಿಗೂ ಇದನ್ನೇ ಬರೆದು ಕಳಿಸಿದ್ದೇನೆ. ಈ ಕಾಗದ ಹಿಡಿದು ಸೋಮವಾರ ಜಡೆಗೆ ಬರುತ್ತೇನೆ. ನೀವು ಕ್ಷಮಿಸಬೇಕೆಂದಲ್ಲ — ನಿಮ್ಮ ಮಗಳ ಎದುರಿಗೆ ಗಟ್ಟಿಯಾಗಿ ಓದುತ್ತೇನೆ. ಇನ್ನು ಮುಂದೆ ಅಮ್ಮ ಹಾಲು ಒಡೆದಿದೆ ಅಂದರೆ, ಅದು ಒಡೆದಿದೆ ಎಂದು ಆ ಹುಡುಗಿಗೆ ಗೊತ್ತಿರಲಿ.